ಮೂರು ಹೊತ್ತು, ಎರಡು ತಾಸು, ಒಂದು ಟೈಮ್

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ನಾಮಪದ ಯಾವುದು ಎಂದು ಆಕ್ಸ್‌ಫರ್ಡ್ ನಿಘಂಟಿನವರು 2006ರಲ್ಲಿ ಲೆಕ್ಕ ಹಾಕಿದಾಗ ಮೊದಲ ಸ್ಥಾನಕ್ಕೆ ಬಂದದ್ದು ‘ಟೈಮ್’. ಕನ್ನಡದ ಮಾತುಕತೆಯಲ್ಲಿ ಅಂಥದ್ದೇ ಲೆಕ್ಕ ಹಾಕಿದರೆ ಅದೇ ಪದ ಇಲ್ಲಿಯೂ ಮೇಲಿನ ಸಾಲಿನಲ್ಲೇ ಕೂತಿರುತ್ತದೆ ಎಂಬುದು ನನ್ನ ಗುಮಾನಿ. ಓದು ಬಾರದ ಅಜ್ಜಿಯೂ ಟೈಮ್ ಅನ್ನುತ್ತಾಳೆ, ಭಾಷಾಶುದ್ಧಿಯ ಬಗ್ಗೆ ಭಾಷಣ ಮಾಡುವವರೂ ಭಾಷಣ ಮುಗಿಸುವಾಗ ಟೈಮ್ ಆಯ್ತು ಅನ್ನುತ್ತಾರೆ.

ಟೈಮ್ ಅಂದರೆ ಕನ್ನಡದಲ್ಲಿ ಏನು ಎಂದು ಶಾಲೆಯ ಮಗುವನ್ನು ಕೇಳಿ. ‘ಸಮಯ’ ಎಂಬ ಉತ್ತರ ತಟ್ಟನೆ ಬರುತ್ತದೆ. ಪುಸ್ತಕದಲ್ಲಿ ಹಾಗೇ ಇದೆ, ಪರೀಕ್ಷೆಯಲ್ಲಿ ಹಾಗೇ ಬರೆದರೆ ಅಂಕ. ಅದೇ ಮಗುವನ್ನು ಕರೆದುಕೊಂಡು ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದ ಬಸ್ ನಿಲ್ದಾಣದ ಹತ್ತಿರದ ಚಹಾ ಹೋಟೆಲಿನಲ್ಲಿ ಅರ್ಧ ತಾಸು ಕೂತರೆ ‘ಸಮಯ’ ಎಂಬ ಮಾತು ಒಂದು ಸಲವೂ ಕಿವಿಗೆ ಬೀಳದಿರುವ ಸಂಭವವೇ ಹೆಚ್ಚು. ಬೀಳುವ ಮಾತುಗಳು ಇಂಥವು:

“ಕಾಕಾ, ಕಲ್ಯಾಣದ ಬಸ್ಸಿನ ಟೈಂ ಎಷ್ಟದ?”

“ಟೈಂ ಆಗಿ ಹೋಗ್ಯಾದಪಾ, ಬಸ್ ಇನ್ನಾ ಬಂದಿಲ್ಲ. ಒಂದ್ ತಾಸ ಆತು ನಿಂತು.”

“ಕೂಡ್ರಿ ಕಾಕಾ, ಚಾ ಕುಡೀರಿ.”

“ಪುರಸೊತ್ತಿಲ್ಲ ತಮ್ಮಾ. ಸಾಲದ ಮುದ್ದತು ಈ ತಿಂಗಳಿಗೆ ಮುಗೀತದ, ಬ್ಯಾಂಕಿಗಿ ಹೋಗಬೇಕು. ಹೊತ್ತು ಮುಳುಗೋದ್ರಾಗ ತಿರುಗಿ ಮನಿ ಮುಟ್ಟಬೇಕು.”

ನಾಲ್ಕು ಮಾತಿನಲ್ಲಿ ಟೈಂ, ತಾಸು, ಪುರಸೊತ್ತು, ಮುದ್ದತು, ಹೊತ್ತು ಎಂದು ಐದು ಪದ ಬಂದವು. ಇಂಗ್ಲಿಷ್ ನಿಘಂಟು ತೆಗೆದರೆ ಟೈಮ್ ಎಂಬ ಒಂದೇ ಪದದ ಕೆಳಗೆ ಈ ಐದೂ ಅರ್ಥಗಳು ಸಾಲಾಗಿ ಸಿಗುತ್ತವೆ. ಆದರೆ ಇವುಗಳಲ್ಲಿ ಯಾವ ಎರಡನ್ನೂ ಅದಲುಬದಲು ಮಾಡಲು ಬರುವುದಿಲ್ಲ. “ಸಾಲದ ಹೊತ್ತು ಮುಗೀತದ”, “ತಾಸು ಮುಳುಗೋದ್ರಾಗ ಮನಿ ಮುಟ್ಟಬೇಕು” ಎಂದು ಹೇಳಿದರೆ ಚಹಾ ಹಾಕುವ ಹುಡುಗನೂ ನಗುತ್ತಾನೆ. ಸಮಾನಾರ್ಥಕ ಪದಗಳು ಎಂದು ನಾವು ಪಟ್ಟಿ ಮಾಡುವ ಪದಗಳು ಬಾಯಲ್ಲಿ ಸಮಾನವಾಗಿರುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಕೆಲಸ ಇರುತ್ತದೆ, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಇಂಗ್ಲಿಷಿನ ಟೈಮ್ ಇಲ್ಲಿಗೆ ಬಂದು ಏನನ್ನು ಓಡಿಸಿತು, ಏನನ್ನು ಮುಟ್ಟಲಿಲ್ಲ ಎಂದು ನೋಡಬೇಕಾದರೆ ಮೊದಲು ಈ ಕೆಲಸಗಳನ್ನು ಬಿಡಿಸಿ ನೋಡಬೇಕು.

ತಾಸಿನಿಂದ ಶುರು ಮಾಡೋಣ. ಹಳೇ ಮೈಸೂರಿನ ಕಡೆಯವರಿಗೆ ಇದು ‘ಗಂಟೆ’ಯ ಇನ್ನೊಂದು ಹೆಸರು, ಉತ್ತರ ಕರ್ನಾಟಕದವರ ಒಂದು ಶೈಲಿ. ಹಾಗಲ್ಲ. “ಎರಡು ತಾಸು ಕಾದೆ, ಎರಡು ಗಂಟೆಗೆ ಬಂದ” ಎಂಬ ವಾಕ್ಯದಲ್ಲಿ ತಾಸು ಕಾಲದ ಉದ್ದವನ್ನು ಹೇಳುತ್ತದೆ, ಗಂಟೆ ಗಡಿಯಾರದ ಮುಳ್ಳು ನಿಂತ ಜಾಗವನ್ನು. ಬೆಂಗಳೂರಿನಲ್ಲಿ ಎರಡಕ್ಕೂ ಗಂಟೆಯೇ. ‘ನೀರು 5 ಗಂಟೆ ಬಿಡಲಾಗುವುದು’ ಎಂದು ಯಾರಾದರೂ ಫಲಕ ಬರೆದರೆ ಐದು ಗಂಟೆಗೆ ಬಿಡುತ್ತಾರೋ ಐದು ಗಂಟೆ ಕಾಲ ಬಿಡುತ್ತಾರೋ ಎಂಬ ಗೊಂದಲ. ಬೆಂಗಳೂರಿನವರು ‘ಗೆ’ ಪ್ರತ್ಯಯವನ್ನೋ ‘ಕಾಲ’ ಎಂಬ ಬಾಲವನ್ನೋ ಅಂಟಿಸಿ ಅದನ್ನು ಬಗೆಹರಿಸಿಕೊಳ್ಳುತ್ತಾರೆ. ಬೀದರಿನವರಿಗೆ ಆ ತೊಂದರೆಯೇ ಇಲ್ಲ, ಪದವೇ ಬೇರೆ.

ಈ ಎರಡೂ ಪದಗಳು ಹುಟ್ಟಿದ್ದೂ ಗಡಿಯಾರದ ಎರಡು ಬೇರೆ ಭಾಗಗಳಿಂದ. ಪಾರ್ಸಿಯಲ್ಲಿ ತಾಸ್ ಎಂದರೆ ಲೋಹದ ಬಟ್ಟಲು. ಮುಳ್ಳಿನ ಗಡಿಯಾರ ಬರುವ ಮೊದಲು ನಮ್ಮಲ್ಲಿ ಹೊತ್ತು ಅಳೆಯುತ್ತಿದ್ದುದು ತಳದಲ್ಲಿ ಸಣ್ಣ ತೂತು ಇರುವ ತಾಮ್ರದ ಬಟ್ಟಲಿನಿಂದ. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಮೆಲ್ಲಗೆ ಒಳಸೇರಿ, ಬಟ್ಟಲು ತುಂಬಿ ಮುಳುಗುತ್ತದೆ. ಮುಳುಗಲು ಹಿಡಿಯುವ ಕಾಲ ಒಂದು ಗಳಿಗೆ, ಅಂದರೆ ಈಗಿನ 24 ನಿಮಿಷ. ಹಗಲು ರಾತ್ರಿ ಸೇರಿ ಅಂಥ 60 ಗಳಿಗೆ. ಮುಳುಗಿದ್ದು ಊರಿಗೆ ತಿಳಿಯಬೇಕಲ್ಲ, ಕಾವಲಿನವನು ಗಂಟೆ ಬಾರಿಸುತ್ತಿದ್ದ. ಬಟ್ಟಲು ತುಂಬುವುದು ಕಾಲದ ಉದ್ದ, ಗಂಟೆ ಬಡಿಯುವುದು ಒಂದು ಬಿಂದು. ಮುಂದೆ ಅರವತ್ತು ನಿಮಿಷದ ಲೆಕ್ಕ ಬಂದಾಗ ಎರಡೂ ಹೆಸರುಗಳು ಅದಕ್ಕೆ ಬಂದು ಕೂತವು. ಮಂಠಾಳದ ಮಾತಿನಲ್ಲಿ ಮಾತ್ರ ಬಟ್ಟಲು ಬಟ್ಟಲಾಗಿಯೇ, ಗಂಟೆ ಗಂಟೆಯಾಗಿಯೇ ಉಳಿದಿವೆ.

ಗಡಿನಾಡಿನ ಬೇರೆ ಮಾತುಗಳನ್ನೂ ಇದರ ಪಕ್ಕ ಇಟ್ಟು ನೋಡಬೇಕು. ಮರಾಠಿಯಲ್ಲಿ ಉದ್ದಕ್ಕೆ ತಾಸ್, ಬಿಂದುವಿಗೆ ‘ವಾಜತಾ’, ಅಂದರೆ ಬಾರಿಸಿದಾಗ. ಇಲ್ಲಿನ ದಖನಿ ಉರ್ದುವಿನಲ್ಲಿ ಬಿಂದುವಿಗೆ ‘ಬಜೆ’, ಉದ್ದಕ್ಕೆ ‘ಘಂಟಾ’. ಅಂದರೆ ಕನ್ನಡದವರು ಬಿಂದುವಿಗೆ ಹೇಳುವ ಗಂಟೆಯನ್ನೇ ಪಕ್ಕದ ಮನೆಯ ದಖನಿಯವರು ಉದ್ದಕ್ಕೆ ಹೇಳುತ್ತಾರೆ. ಹುಮನಾಬಾದ್ ದಾಟಿ ಜಹೀರಾಬಾದ್ ಕಡೆ ಹೋದರೆ ತೆಲುಗಿನಲ್ಲಿ ಎರಡಕ್ಕೂ ಗಂಟ. ಒಂದೇ ಸಂತೆಯಲ್ಲಿ ಈ ನಾಲ್ಕೂ ಭಾಷೆ ಆಡುವ ವ್ಯಾಪಾರಿಗೆ ಯಾವ ಗಿರಾಕಿಯ ಹತ್ತಿರ ಯಾವ ಗಂಟೆ ಎಂಬುದು ಯಾರೂ ಹೇಳಿಕೊಡದೆ ಗೊತ್ತು. ಈ ಸೀಮೆಗೆ ಅದು ಹೊಸದೂ ಅಲ್ಲ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದ ಮಾಣಿಕಪ್ರಭುಗಳು ಹತ್ತೊಂಬತ್ತನೇ ಶತಮಾನದಲ್ಲೇ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಪದ ಕಟ್ಟಿದವರು.

ಉತ್ತರ ಕರ್ನಾಟಕದ ಶಾಲೆಗಳಲ್ಲಿ ಪಾಠದ ಅವಧಿಗೂ ಹಿಂದೆ ತಾಸು ಎಂದೇ ಹೆಸರು. ಗಣಿತದ ತಾಸು, ಆಟದ ತಾಸು. ಈಗ ಅದು ‘ಪೀರಿಯಡ್’. ಮೂವತ್ತೈದೋ ನಲವತ್ತೋ ನಿಮಿಷದ ಪಾಠಕ್ಕೆ ತಾಸು ಎನ್ನುವುದು ಲೆಕ್ಕದಲ್ಲಿ ತಪ್ಪಿರಬಹುದು, ಆದರೆ ಆ ಹೆಸರು ಸರಿದು ಹೋದದ್ದು ಲೆಕ್ಕದ ತಪ್ಪಿನಿಂದಲ್ಲ, ವೇಳಾಪಟ್ಟಿಯನ್ನು ‘ಟೈಮ್ ಟೇಬಲ್’ ಎಂದು ಕರೆಯತೊಡಗಿದ್ದರಿಂದ.

ಇನ್ನು ಹೊತ್ತು. ಇದು ಅಚ್ಚ ದ್ರಾವಿಡ ಪದ. ಹಳಗನ್ನಡದ ಪೊೞ್ತು, ತೆಲುಗಿನ ಪೊದ್ದು, ತಮಿಳಿನ ಪೊಳುದು ಒಂದೇ ಬಳಗ. ಈ ಪದಕ್ಕೆ ಸೂರ್ಯ ಎಂಬ ಅರ್ಥವೂ ಇದೆ, ಕಾಲ ಎಂಬ ಅರ್ಥವೂ ಇದೆ. “ಹೊತ್ತು ಮುಳುಗ್ತು” ಎಂದಾಗ ಮುಳುಗಿದ್ದು ಸೂರ್ಯ, “ಹೊತ್ತಾಯ್ತು” ಎಂದಾಗ ಆದದ್ದು ತಡ. ಮೇಲೆ ನೋಡಿ ಹೇಳುವ ಕಾಲ ಇದು, ಗಡಿಯಾರ ನೋಡಿ ಹೇಳುವುದಲ್ಲ. ಅದಕ್ಕೇ ದಿನವನ್ನು ಹೊತ್ತು ದೊಡ್ಡ ದೊಡ್ಡ ತುಂಡುಗಳಾಗಿ ಮಾತ್ರ ಕತ್ತರಿಸುತ್ತದೆ. ಮೂರು ಹೊತ್ತು ಊಟ ಎಂದರೆ ಮೂರು ಸಲ ಉಣ್ಣುವುದಲ್ಲ, ದಿನದ ಮೂರು ಭಾಗದಲ್ಲಿ ಉಣ್ಣುವುದು. ಒಂದೇ ಮುಂಜಾನೆ ಮೂರು ಸಲ ತಟ್ಟೆ ಮುಂದೆ ಕೂತವನು ಮೂರು ಹೊತ್ತು ಉಂಡಂತಾಗಲಿಲ್ಲ.

ಎರವಲು ಪದದ ಜಾಣತನ ಕಾಣುವುದು ಇಲ್ಲಿಯೇ. ಇಂಗ್ಲಿಷಿನಲ್ಲಿ ಟೈಮ್ ಪದಕ್ಕೆ ಸಲ, ಬಾರಿ, ಸರ್ತಿ ಎಂಬ ಅರ್ಥವೂ ಇದೆ. ಮೂರು ಸಲ ಬಂದೆ ಎನ್ನಲೂ ಇಂಗ್ಲಿಷಿನವರು ಅದೇ ಪದ ಬಳಸುತ್ತಾರೆ, ಮೂರು ಪಟ್ಟು ಎನ್ನಲೂ ಅದನ್ನೇ. ಕನ್ನಡಕ್ಕೆ ಬಂದ ಟೈಮ್ ಆ ಅರ್ಥವನ್ನು ತರಲಿಲ್ಲ. “ನಿಮ್ಮನಿಗಿ ಮೂರ್ ಟೈಂ ಬಂದಿದ್ದೆ” ಎಂದು ಮಂಠಾಳದಲ್ಲಿ ಹೇಳಿದರೆ ಮುಂಜಾನೆ, ಮಧ್ಯಾಹ್ನ, ಸಂಜೆ ಬಂದಿದ್ದೆ ಎಂದೇ ತಿಳಿಯುತ್ತಾರೆ. ದವಾಖಾನೆಯಲ್ಲಿ ಡಾಕ್ಟರ್ “ಈ ಗುಳಿಗಿ ದಿನಕ್ಕ ಮೂರ್ ಟೈಂ ತಗೋರಿ” ಎಂದರೆ ಅಜ್ಜಿಗೆ ಸ್ಪಷ್ಟ: ಮೂರು ಹೊತ್ತು. ಹನ್ನೆರಡು ಗಂಟೆಯೊಳಗೇ ಮೂರನ್ನೂ ನುಂಗಿ ಮುಗಿಸುವ ಅಪಾಯವಿಲ್ಲ. ಟೈಮ್ ಎಂಬ ಪದ ಪೂರಾ ಇಂಗ್ಲಿಷಿನದೇ, ಆದರೆ ಅದು ಇಲ್ಲಿ ಮಾಡುತ್ತಿರುವುದು ಹೊತ್ತಿನ ಕೆಲಸ. ಹೊಸ ಮನೆಗೆ ಬಂದ ಸೊಸೆಯಂತೆ ಹೆಸರು ತವರಿನದು ಇಟ್ಟುಕೊಂಡು ನಡೆ ಮಾತ್ರ ಈ ಮನೆಯದು ಕಲಿತಿದೆ. ಇಂಗ್ಲಿಷ್ ಬರದವರು ಟೈಮ್ ಪದವನ್ನು ತಪ್ಪಾಗಿ ಬಳಸುತ್ತಾರೆ ಎಂದು ನಗುವವರಿಗೆ ಇದು ಹೊಳೆಯುವುದಿಲ್ಲ. ಇಂಗ್ಲಿಷ್ ಬರದವರು ಬಳಸುತ್ತಿರುವುದು ಇಂಗ್ಲಿಷ್ ಪದವನ್ನಲ್ಲ, ಕನ್ನಡದ ವ್ಯಾಕರಣ ಒಪ್ಪಿಕೊಂಡ ಇನ್ನೊಂದು ಪದವನ್ನು.

ಪುರಸೊತ್ತಿನದು ಬೇರೆಯೇ ಕಥೆ. ಕಿವಿಗೆ ಇಷ್ಟು ಕನ್ನಡವಾಗಿ ಕೇಳುವ ಪದ ಇನ್ನೊಂದಿಲ್ಲ, ಬಾಲದಲ್ಲಿ ‘ಹೊತ್ತು’ ಇದೆಯೇನೋ ಎಂಬ ಭ್ರಮೆ ಬೇರೆ. ಮೂಲ ಅರಬಿಯ ಫುರ್ಸತ್. ಇದು ಕೈ ಖಾಲಿ ಇರುವ ಕಾಲ. “ಟೈಂ ಇಲ್ಲ” ಅಂದರೆ ನಿಮಗೆ ಕೊಡಲು ಇಲ್ಲ ಎಂಬ ಬಿಗುವು ಬರಬಹುದು, “ಪುರಸೊತ್ತಿಲ್ಲ” ಅಂದರೆ ಹಾಗಲ್ಲ, ಕೆಲಸ ಬಿಡುತ್ತಿಲ್ಲ. ಚಹಾಕ್ಕೆ ಕರೆದವನಿಗೆ ಬೇಸರವಾಗದಂತೆ ಹೇಳುವ ಮಾತು ಇದು. ಬೀದರ್ ಕಡೆಯ ಹಿರಿಯರು ಇವತ್ತಿಗೂ ಎರಡನ್ನೂ ಬೇರೆ ಇಟ್ಟೇ ಮಾತಾಡುತ್ತಾರೆ.

ಈಗ ಸರ್ಕಾರದ ಕಾಲಕ್ಕೆ ಬರೋಣ. ಆಳುವವರು ಬದಲಾದಾಗಲೆಲ್ಲ ಈ ಸೀಮೆಯಲ್ಲಿ ಕಾಲದ ಲೆಕ್ಕವೂ ಬದಲಾಗಿದೆ. ಮಂಠಾಳದ ತಾಲ್ಲೂಕು ಕೇಂದ್ರ ಇಂದಿನ ಬಸವಕಲ್ಯಾಣ, ಅಂದಿನ ಕಲ್ಯಾಣ. ಅಲ್ಲಿ ಪಟ್ಟಕ್ಕೆ ಬಂದ ಚಾಲುಕ್ಯ ಆರನೇ ವಿಕ್ರಮಾದಿತ್ಯ ರೂಢಿಯಲ್ಲಿದ್ದ ಶಕ ವರ್ಷವನ್ನು ಬದಿಗಿಟ್ಟು 1076ರಿಂದ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಶುರು ಮಾಡಿದ. ಅವನ ಕಾಲದ ಶಾಸನಗಳಲ್ಲಿ ವರ್ಷದ ಎಣಿಕೆ ಅದರಂತೆ. ಐವತ್ತು ವರ್ಷ ಆಳಿದ ದೊರೆಗೆ ಇಷ್ಟು ಹಟ ಇರಬಾರದೇಕೆ? ಅವನೊಂದಿಗೆ ಶಕೆಯ ಚಲಾವಣೆಯೂ ಇಳಿಯುತ್ತ ಹೋಯಿತು, ಶಾಸನದ ಕಲ್ಲುಗಳು ಉಳಿದವು.

ನಿಜಾಮರ ಜಮಾನಾದಲ್ಲಿ ನಡೆದದ್ದು ಫಸಲಿ ಸನ್. ಹೆಸರೇ ಹೇಳುವಂತೆ ಫಸಲಿನ, ಅಂದರೆ ಬೆಳೆಯ ವರ್ಷ. ಕಂದಾಯ ವಸೂಲಿಗೆ ಅನುಕೂಲವಾಗಲಿ ಎಂದು ಮೊಗಲರು ಹೊರಡಿಸಿದ ಲೆಕ್ಕ ಅದು. ಹೈದರಾಬಾದ್ ಸಂಸ್ಥಾನದಲ್ಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಮೊದಲ ತಿಂಗಳ ಹೆಸರು ಆಜುರ್. ಹಳೇ ಉರ್ದು ಪಹಣಿಯಲ್ಲಿ 1357 ಎಂದು ಕಂಡರೆ ಗಾಬರಿಯಾಗಬೇಕಿಲ್ಲ, 590 ಕೂಡಿಸಿದರೆ 1947ರ ಅಕ್ಟೋಬರ್ ಬರುತ್ತದೆ. ಅಂದರೆ 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ನಡೆದು ನಿಜಾಮರ ಆಳ್ವಿಕೆ ಮುಗಿದದ್ದೂ ಅದೇ 1357ನೇ ಫಸಲಿಯಲ್ಲಿ. ಜಮೀನಿನ ವ್ಯಾಜ್ಯ ಇರುವ ಮನೆಗಳಿಗೆ ಈ ಕೂಡುವ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಆ ಆಡಳಿತ ಬಿಟ್ಟುಹೋದ ಪದಗಳ ಪಾಡು ನೋಡಿ. ಮುದ್ದತು ಎಂದರೆ ಕೊಟ್ಟ ಗಡುವು. ಉತ್ತರ ಕರ್ನಾಟಕದ ಸಹಕಾರಿ ಬ್ಯಾಂಕುಗಳಲ್ಲಿ ‘ಮುದ್ದತಿ ಠೇವಣಿ’ ಎಂಬ ಫಲಕ ಈಗಲೂ ಕಾಣುತ್ತದೆ. ಕೋರ್ಟಿನಲ್ಲಿ ತಾರೀಖು, ವಾಯಿದೆ. ಹಂಗಾಮು ಎಂದರೆ ಪಾರ್ಸಿಯಲ್ಲಿ ಕಾಲ, ಇಲ್ಲಿ ಅದು ಬೆಳೆಯ ಕಾಲ. ಮುಂಗಾರು ಹಂಗಾಮಿಗೆ ತೊಗರಿ, ಉದ್ದು, ಹೆಸರು, ಸೋಯಾ, ಹಿಂಗಾರಿಗೆ ಬಿಳಿಜೋಳ, ಕಡಲೆ. ಇದರಿಂದಲೇ ಹುಟ್ಟಿದ ‘ಹಂಗಾಮಿ’ ರಾಜ್ಯದ ತುಂಬ ಓಡಾಡಿ ವಿಧಾನಸೌಧಕ್ಕೂ ಹೋಯಿತು. ಹಂಗಾಮಿ ಸ್ಪೀಕರ್ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ಅದಕ್ಕೆ ಇಂಗ್ಲಿಷ್ ಪತ್ರಿಕೆಗಳು ಬಳಸುವ ‘ಪ್ರೊ ಟೆಮ್’ ಎಂಬ ಲ್ಯಾಟಿನ್ ಮಾತಿನ ಅರ್ಥವೂ ‘ಸದ್ಯದ ಕಾಲಕ್ಕೆ’ ಎಂದೇ. ಯಾರೂ ಕೂತು ಅನುವಾದ ಮಾಡಲಿಲ್ಲ, ಹೊಂದಿಕೆ ತಾನಾಗಿ ಆಯಿತು.

ಇವೆಲ್ಲದರ ಮೇಲೆ ಬಂದು ಕೂತದ್ದು ಗಡಿಯಾರದ ಕಾಲ. ಭಾರತೀಯ ಕಾಲಮಾನ ಜಾರಿಯಾದದ್ದು 1906ರ ಜನವರಿ 1ರಂದು. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ ಸೂರ್ಯ ನೆತ್ತಿಗೆ ಬಂದಾಗ ಇಡೀ ದೇಶಕ್ಕೆ ಹನ್ನೆರಡು ಗಂಟೆ. ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಇರುವುದು 77 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಐದೂವರೆ ಡಿಗ್ರಿಗೆ 22 ನಿಮಿಷ. ಸರಾಸರಿ ಲೆಕ್ಕದಲ್ಲಿ ಇಲ್ಲಿನ ನೆತ್ತಿಹೊತ್ತು ಹನ್ನೆರಡೂ ಇಪ್ಪತ್ತೆರಡಕ್ಕೆ. ಹೆಚ್ಚುಕಡಿಮೆ ಒಂದು ಗಳಿಗೆಯ ಅಂತರ. “ಹೊತ್ತು ನೆತ್ತಿಗಿ ಬಂದದ” ಎಂದು ಹೊಲದಲ್ಲಿ ಹೇಳಿದ ಹೊತ್ತಿಗೂ ಶಾಲೆಯ ಗಡಿಯಾರದ ಹನ್ನೆರಡಕ್ಕೂ ನಡುವೆ ಆ ಗಳಿಗೆ ನಿಂತಿದೆ. ಹೊತ್ತು ಮತ್ತು ಟೈಮ್ ಬೇರೆ ಬೇರೆ ಎಂದು ರೈತ ಹೇಳಿದರೆ ಅದು ಭೂಗೋಳದ ಲೆಕ್ಕದಲ್ಲೂ ಸರಿಯೇ.

ಟೈಮ್ ಬಂದದ್ದು ಈ ದಾರಿಯಲ್ಲಿ: ಇನ್ನೊಬ್ಬರು ಗೊತ್ತು ಮಾಡಿದ ಕಾಲವಾಗಿ. ಬಸ್ಸಿನ ಟೈಮ್, ಆಫೀಸಿನ ಟೈಮ್, ರೇಷನ್ ಅಂಗಡಿಯ ಟೈಮ್. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದ ಮೇಲೆ ಹುಮನಾಬಾದಿನವರ ಮಾತಿಗೆ ‘ಗಾಡಿ ಟೈಮ್’ ಕೂಡ ಗಟ್ಟಿಯಾಗಿ ಸೇರಿತು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುವುದರಿಂದ “ಈ ವಾರ ನಮ್ದು ರಾತ್ರಿ ಟೈಂ” ಎಂದು ರೈತರು ಹೇಳುತ್ತಾರೆ. ಇಲ್ಲಿ ಹೊತ್ತು ಎನ್ನಲು ಬರುವುದಿಲ್ಲ, ಏಕೆಂದರೆ ಇದು ಆಕಾಶ ನೋಡಿ ತಿಳಿಯುವ ಸಂಗತಿಯಲ್ಲ. ಬೇರೆಲ್ಲೋ ಕೂತವರು ಹಾಕಿದ ಪಟ್ಟಿ. ವೇಳೆ ಎನ್ನಬಹುದಿತ್ತು. ಅದೇ ಈ ಕೆಲಸಕ್ಕೆ ಹತ್ತಿರದ ಪದ, ಆಡುಮಾತಿನಲ್ಲಿ ಯಾಳೆ, ವ್ಯಾಳ್ಯಾ. ಟೈಮ್ ಹೆಚ್ಚಾಗಿ ಎಬ್ಬಿಸಿ ಕಳಿಸಿದ್ದು ಇದನ್ನೇ. ವೇಳೆ ಈಗ ಹೆಚ್ಚಾಗಿ ‘ಒಂದು ವೇಳೆ’ ಎಂಬ ಅನುಮಾನದಲ್ಲೂ ‘ವೇಳಾಪಟ್ಟಿ’ ಎಂಬ ಫಲಕದಲ್ಲೂ ಬದುಕಿದೆ.

ಅದೃಷ್ಟಕ್ಕೂ ಟೈಮ್ ಎನ್ನುತ್ತೇವೆ. “ಅವನ್ದೇನ್ ಬಿಡ್ರಿ, ಅವನ ಟೈಂ ನಡದದ.” “ನಮ್ ಟೈಂ ಚಲೋ ಇಲ್ಲ.” ಇದು ದಖನಿಯ ವಖತ್ತು ಮಾಡುತ್ತಿದ್ದ ಕೆಲಸ, ಕನ್ನಡದ ಕಾಲವೂ ಮಾಡುತ್ತಿತ್ತು. ಆದರೆ ಕಾಲ ಎಂಬ ಪದಕ್ಕೆ ಸಾವಿನ ನೆರಳಿದೆ. ಹಿರಿಯರು ಕಾಲವಾದರು ಎನ್ನಬಹುದು, ಟೈಮ್ ಆದರು ಎಂದರೆ ಅಪಚಾರ. ಹಗುರ ಮಾತಿಗೆ ಟೈಮ್ ಹಿಡಿಸಿದ್ದು ಅದಕ್ಕೇ ಇರಬೇಕು. ಇನ್ನು ಟೈಮ್ ಪಾಸ್. ಅದನ್ನು ಹುಟ್ಟಿಸಿದ್ದೇ ನಮ್ಮ ದೇಶದವರು, ರೈಲಿನಲ್ಲಿ ಶೇಂಗಾ ಮಾರುವವರ ಕೂಗಿನಲ್ಲೂ ಅದು ಕೇಳುತ್ತದೆ. ಕನ್ನಡದಲ್ಲಿ ಅದಕ್ಕೆ ‘ಹೊತ್ತುಗಳೆ’ ಎಂಬ ಚೆಂದದ ಪದ ಇತ್ತು. ಅದು ಹೋದದ್ದಕ್ಕೆ ನನಗೆ ಬೇಸರವಿದೆ ಎಂದು ಹೇಳಿಯೇ ಬಿಡುತ್ತೇನೆ.

ಹಾಗಾದರೆ ಶಾಲೆಯ ‘ಸಮಯ’ ಎಲ್ಲಿದೆ? ಕಾಗದದ ಮೇಲೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ತಲೆಯ ಮೇಲೆ ‘ಸಮಯ: 3 ಗಂಟೆ 15 ನಿಮಿಷ’ ಎಂದು ಅಚ್ಚಾಗಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ, ಸಭೆಯ ನೋಟಿಸಿನಲ್ಲಿ, ಸುದ್ದಿವಾಚಕರ ಬಾಯಲ್ಲಿ ಸಮಯ ಇದೆ. ‘ಸಮಯಕ್ಕೆ ಆದವನು’, ‘ಸಮಯಸಾಧಕ’ ಎಂಬಲ್ಲಿ ಅದಕ್ಕೆ ಸಂದರ್ಭ ಎಂಬ ಅರ್ಥ. ಅದೂ ಒಳ್ಳೆಯ ಪದವೇ, ತನ್ನ ಜಾಗದಲ್ಲಿ. ತಪ್ಪು ಇರುವುದು ಟೈಮ್ ಪದದ ಮುಂದೆ ಸಮಚಿಹ್ನೆ ಎಳೆದು ಸಮಯ ಎಂದು ಬರೆಸಿ, ಮಗು ಮನೆಯಿಂದ ತಂದ ತಾಸನ್ನು ಗ್ರಾಮ್ಯ ಎಂದು ಕೆಂಪು ಶಾಯಿಯಲ್ಲಿ ಹೊಡೆಯುವ ಅಭ್ಯಾಸದಲ್ಲಿ. ಹೊಡೆದು ಹಾಕಿದ್ದು ಬರೀ ಒಂದು ಶೈಲಿಯಲ್ಲ, ಉದ್ದಕ್ಕೂ ಬಿಂದುವಿಗೂ ಇದ್ದ ಭೇದ. ಆ ಭೇದ ಇಂಗ್ಲಿಷಿನಲ್ಲಿದೆ, ಮರಾಠಿಯಲ್ಲಿದೆ, ಉರ್ದುವಿನಲ್ಲಿದೆ. ಬೀದರಿನ ಮಗು ಅದನ್ನು ಕನ್ನಡದಲ್ಲೇ ಕಲಿತು ಬಂದಿತ್ತು.

ಶುದ್ಧ ಕನ್ನಡದ ಪಕ್ಷದವರು ಟೈಮ್ ಪದವನ್ನು ಓಡಿಸಬೇಕು ಎನ್ನುತ್ತಾರೆ. ಅವರ ಲೆಕ್ಕದಲ್ಲಿ ನಡೆದರೆ ತಾಸು, ಪುರಸೊತ್ತು, ಮುದ್ದತು, ಹಂಗಾಮು, ತಾರೀಖು ಎಲ್ಲ ಹೋಗಬೇಕು. ವೇಳೆ, ಸಮಯ, ಕಾಲ ಸಂಸ್ಕೃತದವು, ಅವೂ ಹೋಗಬೇಕು. ಉಳಿಯುವುದು ಹೊತ್ತು. ಒಂದೇ ಪದದಿಂದ ಬಸ್ಸನ್ನೂ ಬ್ಯಾಂಕನ್ನೂ ಬಿತ್ತನೆಯನ್ನೂ ನಡೆಸಲು ಆಗುತ್ತದೆಯೇ? ಇತ್ತ ಎಲ್ಲದಕ್ಕೂ ಟೈಮ್ ಅಂದರೆ ಸಾಕು ಎನ್ನುವ ಹೊಸ ಪೀಳಿಗೆಯದೂ ಅದೇ ಬಡತನ, ಬೇರೆ ಬಾಗಿಲಿನಿಂದ ಬಂದದ್ದು. “ಟೂ ಅವರ್ಸ್ ವೇಟ್ ಮಾಡಿದೆ” ಎನ್ನುವ ಕಾಲೇಜು ಹುಡುಗ ತಾಸನ್ನು ಬಿಟ್ಟಿದ್ದಾನೆ, ಆದರೆ ಆ ಭೇದವನ್ನು ಬಿಡಲಾಗದೆ ಇಂಗ್ಲಿಷಿನಿಂದ ತಂದುಕೊಂಡಿದ್ದಾನೆ.

ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಪದ ಯಾವ ಭಾಷೆಯಿಂದ ಬಂತು, ಯಾವ ಸೀಮೆಯಲ್ಲಿ ನಡೆಯುತ್ತದೆ ಎಂಬುದಕ್ಕೆ ಪುಟ್ಟ ಗುರುತುಗಳನ್ನು ಹಾಕಿದ್ದಾನೆ. ನಮ್ಮ ಪಠ್ಯಪುಸ್ತಕಗಳ ಕೊನೆಯ ಪದಕೋಶದಲ್ಲಿ ಅಂಥ ಗುರುತು ಇಲ್ಲ. ಹಾಕಲು ದೊಡ್ಡ ಖರ್ಚೇನೂ ಇಲ್ಲ, ಪದದ ಎದುರಿಗೆ ಇನ್ನೊಂದು ಪದ ಬರೆಯುವ ಬದಲು ಒಂದು ವಾಕ್ಯ ಬರೆದರೂ ಆಯಿತು. ಪುಸ್ತಕ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ‘ಸಮಾನಾರ್ಥಕ ಪದ ಬರೆಯಿರಿ’ ಎಂಬ ಪ್ರಶ್ನೆಯ ಕೆಳಗೆ ‘ಎರಡನ್ನೂ ಬಳಸಿ ಒಂದೊಂದು ವಾಕ್ಯ ಬರೆಯಿರಿ’ ಎಂದು ಮಂಠಾಳದ ಯಾವ ಶಿಕ್ಷಕರು ಬೇಕಾದರೂ ನಾಳೆಯೇ ಕರಿಹಲಗೆಯ ಮೇಲೆ ಸೇರಿಸಬಹುದು.